ಬೀಗರನ್ನು ಬೈಯುವ ಗುರುಬಾಯಿ ಕಾಕಿ

ಗುರುಬಾಯಿ ಕಾಕಿ ಬೈದರೆ ಬೈಸಿಕೊಂಡವರು ಒಂದು ಹೋಳಿಗೆ ಹೆಚ್ಚಿಗೇ ತಿನ್ನುತ್ತಿದ್ದರು. ಬೈಗುಳ ಎಂದರೆ ಬಾಯಿಗೆ ಬಂದದ್ದಲ್ಲ, ಬೀಗರ ಹಾಡು. ಇಜೇರಿಯ ನಮ್ಮ ಓಣಿಯಲ್ಲಿ ಮದುವೆಯ ಪಂಕ್ತಿಗೆ ಬೀಗರು ಕೂತರೆಂದರೆ ಸಾಕು, ಕಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಲ್ಲೆತ್ತಲು ನಮ್ಮಂಥ ನಾಲ್ವರನ್ನು ಹಿಂದೆ ನಿಲ್ಲಿಸಿಕೊಂಡು ಶುರು ಮಾಡುವಳು. ನಾನು ಸರಸಂಬಾದಿಂದ ಈ ಊರಿಗೆ ಸೊಸೆಯಾಗಿ ಬಂದ ದಿನ ಆಕೆಯ ಬಾಯಿಗೆ ಸಿಕ್ಕವನು ನನ್ನ ಅಪ್ಪ.

"ಬೀಗರ ಮೀಸಿ ನೋಡ್ರೆವ್ವ, ಕಸಬರಗಿ ಹಂಗ ಅದ,
ತುಪ್ಪದ ತಂಬಗಿ ಕಂಡ ಕೂಡಲೆ ತಾನೇ ಮುಂದ ಹೋಗ್ತದ!"

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನೋ, ಮೀಸೆ ತಿರುವಿಕೊಂಡು ಇನ್ನಷ್ಟು ತುಪ್ಪ ಹಾಕಿಸಿಕೊಂಡ. ಮರುದಿನವೂ ನಾನು ಮುಖ ಊದಿಸಿಕೊಂಡಿದ್ದನ್ನು ಕಂಡು ಕಾಕಿ ಗದ್ದ ಹಿಡಿದೆತ್ತಿದಳು. "ಏ ಹುಚ್ಚಿ, ಪರಕೀ ಮಂದಿಗಿ ಯಾರರ ಬೈತಾರೇನ? ಅವರಿಗಿ ಚಾ ಕೊಟ್ಟು ಕಳಸ್ತಾರ. ಬೈಯೂದು ನಮ್ಮವರಿಗೇ ಬೇ."

ಆಕೆಗೆ ಧಾಟಿಗಳ ಬರವೇ ಇರಲಿಲ್ಲ. ಮೊಹರಮ್ಮಿನ ಪದ, ಪಂಢರಪುರಕ್ಕೆ ಹೊರಟ ದಿಂಡಿಯವರ ಅಭಂಗ, ಟಿವಿಯಲ್ಲಿ ಸೋಪು ಮಾರುವವರ ಕುಣಿತ, ಯಾವುದು ಕಿವಿಗೆ ಬಿದ್ದರೂ ಅದರೊಳಗೆ ಯಾರದೋ ಬೀಗರನ್ನು ತಂದು ಕೂರಿಸುತ್ತಿದ್ದಳು. ಮದುವೆ ಇಲ್ಲದ ದಿನಗಳಲ್ಲಿ ಎಮ್ಮೆಯ ಮೇಲೆ ಹಾಡು ಕಟ್ಟುತ್ತಿದ್ದಳು.

ನನ್ನ ಭಾವನ ಮಗಳು ಸವಿತಾ ಇಥಿಯೋಪಿಯಾದ ಒಂದು ಕಾಲೇಜಿಗೆ ಪಾಠ ಹೇಳಲು ಹೋದವಳು, ಅಲ್ಲಿ ಜೊತೆಗೆ ಕೆಲಸ ಮಾಡುವ ದಾವಿತ್ ಎಂಬವನನ್ನು ಮೆಚ್ಚಿಕೊಂಡಳು. ಭಾವ ಕೂಗಾಡಿ, ಊಟ ಬಿಟ್ಟು, ಕೊನೆಗೆ ಒಪ್ಪಿದರು. ಮದುವೆಗೆ ಹುಡುಗನ ತಾಯಿ ಅಲ್ಮಾಜ್ ಇಬ್ಬರು ತಂಗಿಯರೊಂದಿಗೆ ಬಂದಿಳಿದಳು. ಊರಿಗೆ ಊರೇ ನೋಡಲು ಬಂತು. ಅವರಿಗೆ ಒಳ್ಳೆಯ ಕುರ್ಚಿ ಹಾಕಿದರು, ತಂಪು ಬಾಟಲಿ ಕೊಟ್ಟರು, ಫೋಟೋ ಹೊಡೆದುಕೊಂಡರು. ಪಕ್ಕದಲ್ಲಿ ಮಾತ್ರ ಯಾರೂ ಕೂರಲಿಲ್ಲ.

ಅರಿಶಿನ ಹಚ್ಚಿಸಿಕೊಂಡ ಮುಖದಲ್ಲೇ ಸವಿತಾ ತನಗೆ ಅಜ್ಜಿಯಂತಿದ್ದ ಕಾಕಿಯ ಮುಂದೆ ಅತ್ತಳು. "ಆಯಿ, ಎಲ್ಲಾರೂ ಅವರಿಗಿ ಜಾತ್ರಿ ನೋಡಿದಂಗ ನೋಡಾಕತ್ತಾರ. ಬೀಗರಂತ ಒಬ್ಬರೂ ಮಾತಾಡ್ಸವಲ್ರು. ನಾಳಿ ನಾ ಅವರ ಮನ್ಯಾಗ ಬಾಳ್ವೆ ಮಾಡಬೇಕು, ಯಾವ ಮಾರಿ ಇಟ್ಕೊಂಡು ಹೋಗ್ಲಿ?"

ಇತ್ತ ಭಾವ ಕೈಮುಗಿದುಕೊಂಡೇ ಬಂದರು. "ಕಾಕಿ, ಈ ಸಲ ಹಾಡಬ್ಯಾಡ್ರಿ. ಭಾಷಾ ತಿಳೀಲಾರದ ಮಂದಿ. ಸಿಟ್ಟಾಗಿ ಎದ್ದು ಹೋದ್ರ ನನ್ನ ಮಗಳ ಗತಿ ಏನ್ರಿ?"

"ಹಾಡದಿದ್ರ ಅವರು ಬೀಗರು ಹ್ಯಾಂಗ ಆಗ್ತಾರೋ? ಪೆಂಡಾಲ ನೋಡಾಕ ಬಂದವರಾಗ್ತಾರ!" ಎಂದಳು ಕಾಕಿ.

ಪಂಕ್ತಿ ಕೂತಿತು. ಸಿಕ್ಕಿಸಿದ ಸೆರಗನ್ನು ಕಾಕಿ ಬಿಚ್ಚಿ ಮತ್ತೆ ಸಿಕ್ಕಿಸಿದಳು. ಆಕೆ ಅಳುಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆದರೂ ಎತ್ತಿದಳು:

"ಬೀಗತಿ ಬಂದಾಳ ನೋಡ್ರೆವ್ವ, ವಿಮಾನ ಹತ್ತಿ ಬಂದಾಳ,
ಅಷ್ಟು ದೂರ ಬಂದಾಕಿ ಬರೀ ಹಸಿವಿ ಹೊತ್ತು ತಂದಾಳ!"

ಅಲ್ಮಾಜ್ ಮಗನ ಕಡೆ ತಿರುಗಿ ಏನೋ ಕೇಳಿದಳು. ಸವಿತಾ ಅವನ ಕಿವಿಯಲ್ಲಿ ಉಸುರಿದಳು, ಅವನು ತಾಯಿಗೆ ಹೇಳಿದ. ಆಕೆ ಎಲೆ ಬಿಟ್ಟು ಎದ್ದೇ ನಿಂತಳು. ಭಾವನ ಮುಖದಲ್ಲಿ ರಕ್ತವೇ ಇಲ್ಲ.

ಎದ್ದವಳು ಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಭುಜ ಕುಣಿಸುತ್ತ, ಕಾಕಿಯನ್ನೇ ದಿಟ್ಟಿಸಿ ತಾನೂ ಹಾಡತೊಡಗಿದಳು! ತಂಗಿಯರಿಬ್ಬರೂ ಚಪ್ಪಾಳೆ ಹಾಕಿ ಸೊಲ್ಲೆತ್ತಿದರು. ಸವಿತಾ ನಗುತ್ತ ನಗುತ್ತ ಕನ್ನಡದಲ್ಲಿ ಹೇಳಿದಳು: "ಆಯಿ, ಅವರ ಕಡೀನೂ ಬೀಗರಿಗಿ ಹಿಂಗೇ ಹಾಡ್ತಾರಂತ! 'ಹುಡುಗಿ ಚೆಲುವಿ ಇದ್ದಾಳ, ಆದ್ರ ಈ ಮನಿ ಮುದುಕಿ ಬಾಯಿ ಒಲಿಗಿಂತ ಬಿಸಿ ಅದ, ಅದರ ಮ್ಯಾಲೇ ರೊಟ್ಟಿ ಬೇಯಸ್ತೀರೇನು' ಅಂತ ಕೇಳಾಕತ್ತಾರ!"

"ಅಬಬಬಾ!" ಕಾಕಿ ಎರಡೂ ಕೈ ಬಡಿದಳು. "ಈಗ ಆತು ನೋಡ್ರಿ ಬೀಗತನ!"

ಅನ್ನ ಆರಿ ತಣ್ಣಗಾಗುವವರೆಗೆ ಇಬ್ಬರೂ ಬೈದಾಡಿದರು. ಸಂಜೆಗೆ ಆ ತಂಗಿಯರು ನಮ್ಮ ಹೆಂಗಸರ ನಡುವೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು. ಒಬ್ಬಾಕೆಯ ತಲೆಗೆ ಯಾರೋ ಮಲ್ಲಿಗೆ ಮುಡಿಸಿಯೂ ಆಗಿತ್ತು. ಸವಿತಾಳ ಮುಖ ನೋಡಿ ನನಗೆ ಹೊಟ್ಟೆ ತುಂಬಿತು.

ಹೋದ ವರ್ಷ ಕಾಕಿ ಲಿಂಗೈಕ್ಯಳಾದಳು. ಓಣಿ ಬಿಕೋ ಎನ್ನುತ್ತದೆ, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಅಲ್ಮಾಜ್ ಮತ್ತೆ ಬಂದಳು. ಕಾರಿನಿಂದಿಳಿದು ಬಾಗಿಲವರೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು. "ಬರ್ರಿ, ಒಳಗ ಬರ್ರಿ" ಎಂದು ಭಾವ ಎಷ್ಟು ಕರೆದರೂ ಹೆಜ್ಜೆ ಎತ್ತಲಿಲ್ಲ.

"ಬೈಸ್ಕೊಳ್ಳಾಕ ನಿಂತಾರ, ಚಿಗವ್ವ," ಎಂದಳು ಸವಿತಾ ನನಗೆ. "ಆಯಿ ಇಲ್ಲಂತ ಹೇಳೇನಿ. 'ಹಂಗಂದ್ರ ಈ ಮನ್ಯಾಗ ಇನ್ನ ನಾ ಯಾರು?' ಅಂತ ಕೇಳ್ತಾರ."

ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ವರ್ಷ ಹಿಂದೆ ನಿಂತು ಸೊಲ್ಲೆತ್ತಿದ್ದೇ ಬಂತು, ಕಟ್ಟಿ ಹಾಡಲು ಒಬ್ಬಳೂ ಕಲಿತಿರಲಿಲ್ಲ. ನಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಬಂದದ್ದು ಬರಲಿ ಎಂದು ಬಾಯಿ ತೆರೆದೆ:

"ಸಮುದ್ರ ದಾಟಿ ಬಂದಾಕಿ ಬಾಗಲ್ದಾಗ ನಿಂತಾಳ,
ಏನ ಬೇ ಬೀಗತಿ, ನಮ್ಮ ಹೊಸ್ತಿಲ ಸಮುದ್ರಕ್ಕಿಂತ ದೊಡ್ಡದೇನ?"

ರಾಗ ಎಲ್ಲೋ ಹೋಯಿತು, ಧ್ವನಿ ಒಡೆಯಿತು. ಅಲ್ಮಾಜ್ ಕಣ್ಣೊರೆಸಿಕೊಂಡಳು. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ನನ್ನನ್ನು ಬೈಯಲು ಶುರು ಮಾಡಿದಳು.