ಪುಸ್ತಕದ ಜೊತೆಗೆ ಬಂದವರು

ಗೆಳೆಯರೇ, ಗುಂಡ್ಲುಪೇಟೆ ಲೈಬ್ರರಿಯ ಶಿವಮ್ಮ ಮೇಡಂಗೆ ನಮ್ಮ ಅರಿಸಿನ ಮಿಲ್ಲಿನವರೆಲ್ಲ ಋಣಿಗಳು. ಸಂಬಳ ಸಹಿತ ವಾರದ ರಜೆಯನ್ನು ಹೊಸ ಒಪ್ಪಂದದಲ್ಲಿ ಬರೆಸಲು ಇವತ್ತು ಮಧ್ಯಾಹ್ನ ಮಾಲೀಕರ ಜೊತೆ ಮಾತುಕತೆಯಿತ್ತು. ಬೇರೆ ಕಾರ್ಮಿಕ ಸಂಘಗಳು ಮಾಡಿಕೊಂಡ ಒಪ್ಪಂದಗಳ ದಪ್ಪ ಪುಸ್ತಕವೊಂದು ಲೈಬ್ರರಿಯಲ್ಲಿ ಸಿಕ್ಕಿತು. ಕರೆಂಟಿಲ್ಲದೆ ಜೆರಾಕ್ಸ್ ಆಗಲಿಲ್ಲ.

"ಇದ್ನ ಆಚ್ಗೆ ಕೊಡಂಗಿಲ್ಲ ಕಣಣ್ಣ. ಊಟದ್ ಟೈಮಲ್ವಾ, ಪುಸ್ತಕದ್ ಜತ್ಗೆ ನಾನೇ ಬತ್ತೀನಿ ನಡೀರಿ" ಎಂದರು ಮೇಡಂ.

ಮಿಲ್ಲಿನಲ್ಲಿ ರಜೆಯ ಪುಟ ತೆರೆದಿಟ್ಟೆವು. ಮೇಡಂ ಪಕ್ಕದಲ್ಲಿ ಕೂತು ಕನ್ನಡಕ ಹಾಕಿಕೊಂಡರು. ಮಾಲೀಕರ ದನಿ ತಗ್ಗಿತು.

"ಮೇಡಂ ಲೇಬರ್ ಆಫೀಸ್ನೋರಾ?"

"ಅಲ್ಲ ಸ್ವಾಮಿ, ಲೈಬ್ರರಿಯೋಳು. ಪುಸ್ತಕ ನೋಡ್ಕಳಕ್ ಬಂದಿವ್ನಿ. ನೀವ್ ಮಾತಾಡಿ."

ಮಾಲೀಕರು ನಂಬಲಿಲ್ಲ. ಟೀ ತರಿಸಿದರು, ತಮ್ಮ ಲೋಟವನ್ನು ಆ ಪುಟದ ಮೇಲೆಯೇ ಇಟ್ಟರು.

"ಲೋಟ ಎತ್ಕಳಿ ಸ್ವಾಮಿ, ಕರೆ ಆಯ್ತದೆ."

ಎತ್ತಿಕೊಂಡರು. ಕೆಳಗಿದ್ದುದನ್ನು ಓದಲೇಬೇಕಾಯಿತು. ಸಂಜೆಯೊಳಗೆ ಸಹಿಯೂ ಬಿತ್ತು.

ನಮ್ಮ ಪರವಾಗಿ ಮೇಡಂ ಒಂದು ಮಾತೂ ಆಡಲಿಲ್ಲ. ಅಂಥ ಉಪಕಾರಕ್ಕೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದೆ ಫೋನ್ ಮಾಡಿದೆ. "ಅದೆಲ್ಲ ಬುಡಿ, ಎಲ್ರೂ ಬಂದು ಮೆಂಬರಾಗಿ" ಎಂದರು.

ಸಂಬಳ ಸಹಿತ ನಮ್ಮ ಮೊದಲ ರಜೆ ನಾಳೆ ಲೈಬ್ರರಿಯ ಕ್ಯೂನಲ್ಲಿ ಕಳೆಯುತ್ತದೆ.