ತೋಳಿಗೆ ಕಟ್ಟಿದ ಗೌರಿ ದಾರ

‘ಲ್ಯಾಬಿನಲ್ಲಿ ಏನೋ ಮಾಡ್ತಾಳೆ’ ಎಂದು ಯಾರಾದರೂ ನನ್ನ ಬಗ್ಗೆ ಹೇಳಿದರೆ ಮೈ ಉರಿಯುತ್ತದೆ. ಮನುಷ್ಯರ ಮೂಳೆಯ ಮಜ್ಜೆಯಿಂದ ತೆಗೆದ ಕಾಂಡಕೋಶಗಳನ್ನು ನಾನು ಬಾಟಲಿಯಲ್ಲಿ ಸಾಕುತ್ತೇನೆ. ಸರಿಯಾಗಿ ನೋಡಿಕೊಂಡರೆ ಮೂಳೆಯೂ ಆಗಬಲ್ಲವು, ಕೊಬ್ಬೂ ಆಗಬಲ್ಲವು. ದೇಹದೊಳಗಿದ್ದಾಗ ಅವಕ್ಕೆ ಬೇಕಾದ ಬೆಳವಣಿಗೆಯ ಪ್ರೋಟೀನುಗಳನ್ನು ಸುತ್ತಲಿನ ಕೋಶಗಳೇ ಕೊಡುತ್ತವೆ. ಬಾಟಲಿಯಲ್ಲಿ ಕೊಡುವವಳು ನಾನು. ಕೊಡದಿದ್ದರೆ ತಕ್ಷಣ ಸಾಯುವುದಿಲ್ಲ. ಅಗಲವಾಗಿ ಹರಡಿಕೊಂಡು, ಒಂದು ಎರಡಾಗುವುದನ್ನು ನಿಲ್ಲಿಸಿ, ಮುದಿಯಾಗುತ್ತವೆ. ಆಮೇಲೆ ಅವುಗಳಿಂದ ಮೂಳೆ ಕಟ್ಟಿಸುವ ಆಸೆ ಬಿಡಬೇಕು.

ಈಚಿನ ಒಂದು ವರ್ಷ ಗೌರಿ, ಗಣೇಶ, ಭಾನುವಾರ ಸಾಲಾಗಿ ಬಂದವು. ಬಾಟಲಿಯಲ್ಲಿದ್ದದ್ದು ನನ್ನ ಪಿಎಚ್‌ಡಿಯ ಕೊನೆಯ ಪ್ರಯೋಗ. ಆ ಕೋಶಗಳನ್ನು ಕೊಟ್ಟ ದಾನಿಯ ಮಜ್ಜೆ ಮತ್ತೆ ಸಿಗುವಂತಿರಲಿಲ್ಲ. ಲ್ಯಾಬಿನ ಹಿರಿಯರೊಬ್ಬರು, “ಡಬಲ್ ಡೋಸ್ ಹಾಕ್ಬಿಟ್ಟು ಆರಾಮಾಗಿ ಹಬ್ಬ ಮಾಡಿ ಮೇಡಂ, ನಾನೂ ಹಾಗೇ ಮಾಡ್ತಿದೀನಿ” ಎಂದರು. ಊರಿಗೆ ಹೋಗುವವರು ಹೂವಿನ ಕುಂಡಕ್ಕೆ ಎರಡು ಚೊಂಬು ನೀರು ಸುರಿದು ಹೋಗುವಂತೆ! ಮೈಬಿಸಿಯಷ್ಟು ಕಾವಿನಲ್ಲಿ ಆ ಪ್ರೋಟೀನು ಒಂದು ದಿನ ಉಳಿಯುವುದೂ ಕಷ್ಟ. ದಿನಾ ಹೊಸದಾಗಿಯೇ ಹಾಕಬೇಕು.

ಹಬ್ಬದ ದಿನವೂ ಲ್ಯಾಬಿಗೆ ಹೋಗುವುದೇನೋ ಸರಿ, ಗೌರಿ ದಾರದ್ದೇನು ಮಾಡುವುದು? ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಗೌರಿ ಪೂಜೆ ಮುಗಿದ ಮೇಲೆ ಹೆಂಗಸರ ಬಲ ಮಣಿಕಟ್ಟಿಗೆ ಅರಿಶಿನದ ಹದಿನಾರು ಗಂಟಿನ ದಾರ ಕಟ್ಟುತ್ತಾರೆ. ಗೌರಿಯನ್ನು ಬಿಡುವವರೆಗೆ ಬಿಚ್ಚುವಂತಿಲ್ಲ. ಕೋಶಗಳ ಮುಂದೆ ಕೂರುವಾಗ ಕೈಯಲ್ಲಿ ಬಳೆಯೂ ಇರಬಾರದು, ಇನ್ನು ಒದ್ದೆ ಅರಿಶಿನದ ದಾರ! ಅದರಿಂದ ಒಂದು ಸೂಕ್ಷ್ಮಾಣು ಬಿದ್ದರೂ ಎಲ್ಲ ಹಾಳು. ಅತ್ತೆ ನಿವೃತ್ತ ಟೀಚರು, ಶಾಸ್ತ್ರದಲ್ಲಿ ಎಳ್ಳಷ್ಟೂ ಬಿಟ್ಟುಕೊಟ್ಟವರಲ್ಲ. ವಿಷಯವನ್ನು ಹಿಂದಿನ ದಿನವೇ ಹೇಳಿದ್ದೆ. ಅವರು ದಾರಕ್ಕೆ ಗಂಟು ಹಾಕುತ್ತಲೇ ಕೇಳಿಸಿಕೊಂಡಿದ್ದರು. ಜಗಳಕ್ಕೆ ಸಿದ್ಧಳಾಗಿಯೇ ಪೂಜೆಗೆ ಕೂತೆ.

ಮಂಗಳಾರತಿಯಾಯಿತು. ಅತ್ತೆ ನನ್ನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ದಾರವನ್ನು ಭುಜದ ಕೆಳಗೆ ಸುತ್ತಿ ಬಿಗಿದರು. ನನ್ನ ದಾರವನ್ನು ಮಾತ್ರ ಉದ್ದವಾಗಿ ಮಾಡಿಟ್ಟಿದ್ದರು.

ಬಾಗಿನಕ್ಕೆ ಬಂದಿದ್ದ ಪಕ್ಕದ ಮನೆಯಾಕೆ ಸುಮ್ಮನಿರಲಾರದೆ ಕೇಳಿದರು: “ತೋಳಿಗೆ ಕಟ್ಟೋ ಪದ್ಧತಿ ಎಲ್ಲಿದೆ ರೀ?”

“ನಮ್ಮನೇಲಿದೆ, ಇವತ್ತಿಂದ” ಎಂದರು ಅತ್ತೆ. ನನ್ನತ್ತ ತಿರುಗಿ, “ಹೊರಡು ನೀನು, ಹೊತ್ತಾಗುತ್ತೆ” ಎಂದರು.

ಮೂರು ದಿನವೂ ಹೋಗಿ ಹಾಕಿಬಂದೆ. ಸೋಮವಾರ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಹಿರಿಯರ ಕೋಶಗಳು ಹಪ್ಪಳದಂತೆ ಹರಡಿಬಿದ್ದಿದ್ದವು. ನನ್ನವು ತೆಳ್ಳಗೆ, ಲವಲವಿಕೆಯಿಂದ ಬಾಟಲಿ ತುಂಬಿದ್ದವು. ಜಂಬ ಬಂತು, ಮುಚ್ಚಿಡಲೂ ಹೋಗಲಿಲ್ಲ. ಕೆಲವು ವಾರಗಳಾದ ಮೇಲೆ ಅವೇ ಕೋಶಗಳು ಮೂಳೆಯಂತೆ ಸುಣ್ಣ ಕಟ್ಟಿದವು. ಅದನ್ನು ತೋರಿಸುವ ಬಣ್ಣ ಹಾಕಿದಾಗ ತಟ್ಟೆಯೆಲ್ಲ ಕೆಂಪಾಯಿತು. ಫೋಟೋ ತೆಗೆದು ಅತ್ತೆಗೆ ಕಳಿಸಿದೆ.

ಆ ಶನಿವಾರ ಗಾಂಧಿ ಬಜಾರಿನಲ್ಲಿ ನಾನು ತರಕಾರಿ ಚೀಲ ಹೊತ್ತು ಅತ್ತೆಯ ಹಿಂದೆ ಬರುತ್ತಿದ್ದೆ. ಹೂವು ಮಾರುವವಳ ಮುಂದೆ ಅವರು ಫೋನಿನಲ್ಲಿ ಆ ಕೆಂಪು ತಟ್ಟೆಯ ಫೋಟೋ ಹಿಡಿದಿದ್ದರು.

“ರಂಗೋಲಿನಾ ಅಮ್ಮಾ?”

“ಮೂಳೆ ಕಣೇ. ನಮ್ ಸೊಸೆ ಬೆಳೆಸಿದ್ದು. ದಿನಾ ಹೊಸದಾಗಿ ಊಟ ಹಾಕ್ಲಿಲ್ಲಾಂದ್ರೆ ಇವು ಮುದಿಯಾಗ್ಬಿಡ್ತಾವೆ. ಹಬ್ಬದಲ್ಲೂ ಹೋಗಿ ಹಾಕಿದಾಳೆ.”

ನನ್ನೆದುರಿಗೆ ಒಂದು ದಿನವೂ ಹೊಗಳದ ಹೆಂಗಸು. ನಾನು ಅಲ್ಲೇ ನಿಂತುಬಿಟ್ಟೆ. ಅತ್ತೆ ಹಿಂತಿರುಗಿ ನನ್ನನ್ನು ನೋಡಿದರು, ಫೋನನ್ನು ಪರ್ಸಿಗೆ ಹಾಕಿಕೊಂಡರು, ಹೂವಿನವಳಿಗೆ ಹೇಳಿದರು: “ಇನ್ನೊಂದು ಮೊಳ ಹಾಕು, ಇವಳಿಗೆ.”