ಐಮಂಗಲದಲ್ಲಿ ನಿಂತ ಇಟಲಿ ಕಾರು

ಚಿತ್ರದುರ್ಗದ ಗ್ಯಾರೇಜೊಂದರಲ್ಲಿ ನನ್ನ ಹಳೆಯ ಕಾರನ್ನು ಒಪ್ಪಿಸಿ ಬೆಂಚಿನ ಮೇಲೆ ಕೂತಿದ್ದೇನೆ. ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಮೂಗಿಗೆ ಬಡಿಯುತ್ತಿದೆ. ನಿಮಗಾದರೆ ತಲೆನೋವು ಬರಬಹುದು. ನನಗೆ ತೀರಿಹೋದ ಸೋದರಮಾವ ನೆನಪಾಗುತ್ತಾನೆ.

ಐಮಂಗಲದ ಹೆದ್ದಾರಿ ಪಕ್ಕದಲ್ಲಿ ನೆಗ್ಗಿದ ಗಾಡಿಗಳ ತಗಡು ಬಡಿದು ಸರಿಮಾಡುವ ಮಾವನ ಟಿಂಕರಿಂಗ್ ಶೆಡ್ ಇತ್ತು. ಮನೆತನಕ್ಕೆಲ್ಲ ಕುರಿಯ ಹುಚ್ಚಾದರೆ ಇವನೊಬ್ಬನಿಗೆ ತಗಡಿನ ಹುಚ್ಚು. ಗೋಡೆಗೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಕೆಂಪು ಇಟಲಿ ಕಾರಿನ ಚಿತ್ರ ಅಂಟಿಸಿದ್ದ. ಆಯುಧಪೂಜೆಯ ದಿನ ಸುತ್ತಿಗೆಗಳ ಜೊತೆ ಅದಕ್ಕೂ ಕುಂಕುಮ. "ಏನ್ ಮಾವ, ಮನೆದೇವ್ರಾ ಅದು?" ಎಂದು ನಾನು ಕಾಡಿದರೆ, "ಲೇ ಮೇಷ್ಟ್ರೇ, ನಿನ್ ಪಾಠ ನೀನ್ ನೋಡ್ಕ ಹೋಗು" ಎನ್ನುತ್ತಿದ್ದ. ನಾನಾಗ ಹಿರಿಯೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಆ ಜಂಬವೂ ಸಾಕಷ್ಟಿತ್ತು.

ಒಂದು ಶನಿವಾರ ಅಂಥದೇ ಕಾರು ನಿಜವಾಗಿ ಬಂದು ಶೆಡ್ಡಿನ ಮುಂದೆ ನಿಂತಿತು. ಪುಣೆಯಿಂದ ಬೆಂಗಳೂರಿಗೆ ಹೊರಟಿದ್ದ ವಯಸ್ಸಾದ ಸಾಹೇಬರೊಬ್ಬರು ಅಡ್ಡ ಬಂದ ಕುರಿಮಂದೆ ತಪ್ಪಿಸಲು ಹೋಗಿ ರಸ್ತೆ ಬದಿಯ ಕಲ್ಲಿಗೆ ಮಡ್ಗಾರ್ಡ್ ತಾಗಿಸಿದ್ದರು. ಅವರ ಮಾತು ತಿಳಿಯದೆ ಮಾವ ನನ್ನನ್ನು ಕರೆಸಿದ. ಅವನು ಚಹಾ ತರಲು ಹೋದಾಗ ಸಾಹೇಬರು ಇಂಗ್ಲಿಷಿನಲ್ಲಿ ನನಗೆ ಬಿಡಿಸಿ ಹೇಳಿದರು: ನೆಗ್ಗಿದ್ದನ್ನು ಮಾತ್ರ ಎತ್ತಲಿ, ಬಣ್ಣ ಮುಟ್ಟುವುದು ಬೇಡ, ಅದು ಕಾರು ಹುಟ್ಟಿದಾಗಿನ ಬಣ್ಣ. ಸೋಮವಾರ ಬರುತ್ತೇನೆಂದು ಚಿತ್ರದುರ್ಗದ ಲಾಡ್ಜಿಗೆ ಹೋದರು.

ಮಾವ ಮಡ್ಗಾರ್ಡಿನ ಒಳಗೆ ಕೈಯಾಡಿಸಿದ. "ಇದ್ನ ಮಿಷನ್ ಮಾಡಿಲ್ಲ ಕಣಪ್ಪ. ಸುತ್ತಿಗೆ ಗುರ್ತು ಐತೆ ನೋಡು. ಅಲ್ಲೂ ಯಾವನೋ ನನ್ನಂಗೆ ಕುಂತು ಬಡ್ದವ್ನೆ."

ಅವನ ಮಾತು ನಿಜ. ಅದು ತಯಾರಾದ ಕಾಲದಲ್ಲಿ ಇಂಥ ಕಾರಿನ ಮೈಯನ್ನು ತಗಡು ಬಡಿದೇ ರೂಪಿಸುತ್ತಿದ್ದರಂತೆ. ಬರಬರುತ್ತ ಆ ಕಾರುಗಳ ಮೂತಿ ಚೂಪಾಯಿತು, ಮೈ ನೆಲಕ್ಕಿಳಿಯಿತು. ಸುತ್ತಿಗೆ ಹೋಗಿ ಕಂಪ್ಯೂಟರ್ ಬಂತು. ಹೊಸದು ಎಷ್ಟು ಜೋರಾಗಿ ಓಡಿದರೂ ಕೈಯಲ್ಲಿ ಬಡಿದ ಹಳೆಯದಕ್ಕೇ ಬೆಲೆ, ಅದರಲ್ಲೂ ಮೊದಲ ಬಣ್ಣ ಉಳಿದಿದ್ದರೆ. ಇದನ್ನೆಲ್ಲ ನಾನು ಓದಿದ್ದು ಆಮೇಲೆ.

ಭಾನುವಾರ ನೆಗ್ಗು ಎದ್ದಿತು. ಮಾವ ಕಣ್ಣಳತೆಯಲ್ಲೇ ಕೆಂಪು ಕಲಸತೊಡಗಿದ. ನಮ್ಮಲ್ಲಿ ಹಳೆಯದಕ್ಕೆ ಮರ್ಯಾದೆ ಮಾಡುವುದೆಂದರೆ ಹೊಸದು ಮಾಡುವುದು. ಎತ್ತಿನ ಕೊಂಬಿಗೂ ಹಬ್ಬಕ್ಕೆ ಬಣ್ಣ ಬೇಕು. "ಇಂಥಾ ಕಾರ್ನ ಮಾಸಿದ ಮೈಯಾಗೆ ಕಳ್ಸಿದ್ರೆ ಏನ್ ಚೆಂದ? ಪೂರ್ತಿ ಹೊಡಿತೀನಿ. ದುಡ್ಡು ಬ್ಯಾಡ, ನನ್ ಸೇವೆ."

ಬಣ್ಣ ಮುಟ್ಟುವುದು ಬೇಡ ಎಂದ ಸಾಹೇಬರ ಮಾತನ್ನು ಆಗಲಾದರೂ ಹೇಳಬೇಕಿತ್ತು. ಎರಡು ಸಲ ಬಾಯಿ ತೆರೆದೆ. ಆದರೆ ಮಾವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. ಕಾಸುಳ್ಳವರ ಶೋಕಿ, ಹೊಳೆಯುವುದನ್ನು ನೋಡಿದರೆ ಅವರೇ ಖುಷಿಪಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಣ್ಣ ತಾಗದಂತೆ ಗಾಜಿಗೆ ಹಳೆ ಪೇಪರ್ ಅಂಟಿಸಿಕೊಟ್ಟವನೂ ನಾನೇ.

ಸೋಮವಾರ ಸಾಹೇಬರು ಬಂದರು. ಬಾನೆಟ್ಟಿನ ಮೇಲೆ ಕೈಯಿಟ್ಟರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೈಯಲಿಲ್ಲ. ನನ್ನತ್ತ ಒಮ್ಮೆ ನೋಡಿ, ಮಾವನಿಗೆ ಕೈಮುಗಿದು ಹೋದರು.

"ಯಾಕೋ, ಅತ್ತಂಗಿತ್ತಲ್ಲ ಅವ್ರು?"

"ಹಳೇ ಬಣ್ಣ ಹೋಯ್ತು ಅಂತ ಬೇಜಾರು, ಮಾವ" ಎಂದೆ. ಉಳಿದದ್ದನ್ನು ನುಂಗಿದೆ.

ಆಮೇಲೆ ಮಾವ ಬಣ್ಣ ಹೊಡೆಯುವ ಗನ್ನು ಹಿಡಿಯಲಿಲ್ಲ. ಆಯುಧಪೂಜೆಗೆ ಟ್ರ್ಯಾಕ್ಟರ್ ತಂದವರಿಗೆ, "ಬಣ್ಣಕ್ಕೆ ಬ್ಯಾರೆ ಕಡೆ ಹೋಗ್ರಿ" ಎನ್ನುತ್ತಿದ್ದ. ಗೋಡೆಯ ಚಿತ್ರವನ್ನೂ ಕಿತ್ತಿದ್ದ. ನಾನು ಹೋದಾಗಲೆಲ್ಲ ಅದೇ ಮಾತು: "ನಾನು ಆ ಸಾಹೇಬ್ರನ್ನ ಒಂದ್ ಮಾತು ಕೇಳ್ಬೇಕಿತ್ತು ಕಣಪ್ಪ. ಕೇಳಿದ್ರೆ ಹೇಳ್ತಿದ್ರು." ಕೊನೆಯ ಸಲ ಆಸ್ಪತ್ರೆಯಲ್ಲೂ ಅದನ್ನೇ ಅಂದ. ನಾನು ಅವನ ಹೊದಿಕೆ ಸರಿಮಾಡಿದೆ. ಅಷ್ಟೇ ನನ್ನ ಕೈಲಾದದ್ದು.

ಈಗ ಇಲ್ಲಿ ಗ್ಯಾರೇಜಿನವನು ಬಂದು, "ಬಾಗಿಲು ಪೂರ್ತಿ ಹೊಡೆದ್ಬಿಡ್ಲಾ ಸಾರ್? ಹೊಸದ್ರಂಗೆ ಆಗ್ತೈತೆ" ಎಂದ. ನನ್ನ ಕಾರಿನ ಆ ಬಾಗಿಲು ನೆಗ್ಗಿದ್ದಾಗ ಒಮ್ಮೆ ಮಾವನೇ ಬಡಿದು ಸರಿಮಾಡಿದ್ದ. ಬಾಗಿಲ ಒಳಬದಿಯ ರೆಕ್ಸಿನ್ ಹೊದಿಕೆಯನ್ನು ಬಿಚ್ಚಿಟ್ಟಿದ್ದರು. ಕೈಯಾಡಿಸಿದೆ. ಅವನ ಸುತ್ತಿಗೆಯ ಗುರುತುಗಳು ಸಾಲಾಗಿ ಬೆರಳಿಗೆ ಸಿಕ್ಕವು.

"ಬಣ್ಣ ಮುಟ್ಟಬೇಡಿ" ಎಂದೆ.

ಆ ಮಾತನ್ನು ನಾನು ಹೇಳಬೇಕಾಗಿದ್ದುದು ಇವನಿಗಲ್ಲ.